ನಮ್ಮೂರು ಅಂದರೆ ಯಾವ ಊರು

ಅವರ ಎರಡೂ ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ನೀಲಿ ಮಸಿ ಯಾವಾಗಲೂ ಇರುತ್ತಿತ್ತು. ಉಳಿದ ಎಂಟು ಬೆರಳುಗಳು ಮಾತ್ರ ಊಟಕ್ಕೆ ಕಾದ ಬೀಗರ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಆಳಂದದ ತಹಶೀಲ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮಶೀನು ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದ ಅವರನ್ನು ಎಲ್ಲರೂ ಟೈಪ್ ಮಾಸ್ತರ ಎಂದೇ ಕರೆಯುತ್ತಿದ್ದರು.

ಹೆಣ್ಣುಮಕ್ಕಳು ಬಂದರೆ ತಾವು ಕೂತ ಸ್ಟೂಲು ಅವರ ಕಡೆ ಸರಿಸಿ, ತಾವು ಕಲ್ಲಿನ ಮೇಲೆ ಕೂರುತ್ತಿದ್ದರು. ಚಹಾವನ್ನು ಬಸಿಗೆ ಸುರುವಿ ಅದು ಪೂರ್ತಿ ಆರಿದ ಮೇಲೆಯೇ ಕುಡಿಯುತ್ತಿದ್ದರು. ಬಿಸಿ ಚಹಾ ಕುಡಿದರೆ ಕಾಗದದ ಮೇಲೆ ಸಿಟ್ಟು ಬರುತ್ತದಂತೆ. ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಕೇಳುವುದು ಅವರ ಪದ್ಧತಿ. ಯಾರಾದರೂ ಬೇಸರಪಟ್ಟರೆ, "ನೀವು ಹೇಳಿದ್ದು ಬಡಿಯೋದಷ್ಟ ನನ್ನ ಕೆಲಸ್ರಿ, ಖರೆ ಸುಳ್ಳು ನೋಡಾಂವ ಒಳಗ ಕುರ್ಚಿ ಮ್ಯಾಲ ಕುಂತಾನ" ಎಂದು ಕಚೇರಿಯ ಕಡೆ ಹುಬ್ಬು ಹಾರಿಸುತ್ತಿದ್ದರು. ತಮ್ಮ ಕೈಯಿಂದ ಹೋದ ಒಂದು ಕಾಗದವೂ ತಪ್ಪಾಗಿ ವಾಪಸ್ ಬಂದಿಲ್ಲ ಎಂಬುದು ಅವರ ದೊಡ್ಡ ಜಂಬ. ಅದು ನಿಜವೂ ಆಗಿತ್ತು.

ನಾನು ಅವರ ಹತ್ತಿರ ಹೋದದ್ದು ಮೆಡಿಕಲ್ ಕಾಲೇಜಿನ ಅರ್ಜಿಗಾಗಿ. ಎಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಹತ್ತನೆಯ ತರಗತಿ ಆಳಂದದಲ್ಲಿ ಮುಗಿಸಿದ ಮೇಲೆ, ಒಳ್ಳೆಯ ಸೈನ್ಸ್ ಕಾಲೇಜು ಎಂದು ನನ್ನನ್ನು ಸೊಲ್ಲಾಪುರದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಎರಡು ವರ್ಷ ಅಲ್ಲಿ ಓದಿ ಒಳ್ಳೆಯ ಅಂಕ ತೆಗೆದುಕೊಂಡು ಬಂದೆ. ಆಗ ಗೊತ್ತಾಯಿತು, ನಾನು ಎರಡೂ ಕಡೆ ಪರದೇಶಿ ಎಂದು. ಮಹಾರಾಷ್ಟ್ರದವರಿಗೆ ನಾನು ಕರ್ನಾಟಕದವಳು. ಕರ್ನಾಟಕದವರಿಗೆ ನಾನು ಹನ್ನೆರಡನೆಯದನ್ನು ಹೊರರಾಜ್ಯದಲ್ಲಿ ಓದಿದವಳು. ಅರ್ಜಿಯನ್ನು ಎರಡು ಸಲ ಓದಿ ಮಾಸ್ತರರೇ ದಾರಿ ಹೇಳಿದರು. ಮೂಲ ಊರು ಕರ್ನಾಟಕದ್ದು ಎಂದು ತೋರಿಸಿದರೆ ನನ್ನನ್ನು ಇಲ್ಲಿಯವಳೆಂದೇ ಹಿಡಿಯುತ್ತಾರೆ, ಇಲ್ಲದಿದ್ದರೆ ಹೊರರಾಜ್ಯದವರಿಗೆಂದು ಇಟ್ಟ ನಾಲ್ಕು ಸೀಟಿಗೆ ಇಡೀ ದೇಶದ ಜೊತೆ ಗುದ್ದಾಡಬೇಕು. ಅವತ್ತೇ ನನಗೆ ಡಾಕ್ಟರ್ ಬಾಯಿ ಎಂದು ಹೆಸರಿಟ್ಟರು. ಮೊದಲನೆಯ ಸೂಜಿ ತಮಗೇ ಚುಚ್ಚಬೇಕು, ಆದರೆ ನೋವಾಗಬಾರದು ಎಂದು ಕರಾರು ಹಾಕಿದರು.

ಬಿತ್ತನೆಯ ದಿನಗಳಾದ್ದರಿಂದ ಅಪ್ಪ ಹೊಲದಲ್ಲಿದ್ದ. ನನ್ನ ಜೊತೆ ಬಂದವಳು ಅವ್ವ. ನಾನು ಪಕ್ಕದಲ್ಲಿ ನಿಂತು ಅಂಕಪಟ್ಟಿಗಳನ್ನು ಜೋಡಿಸುತ್ತಿದ್ದೆ. ಮಾಸ್ತರರು ಈಗಿನ ವಿಳಾಸ ಟೈಪ್ ಮಾಡಿ, ಮುಂದಿನ ಕಾಲಮ್ಮಿಗೆ ಬಂದು ಕೇಳಿದರು: "ಅಕ್ಕಾರ, ನಿಮ್ಮ ಮೂಲ ಊರು ಯಾವುದ್ರಿ?"

ಅವ್ವ ಗಡಿಯಾಚೆ, ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನ ತನ್ನ ತವರಿನ ಹೆಸರು ಹೇಳಿದಳು.

"ಮೂಲ ಅದೇ ಏನ್ರಿ?"

"ಹೌದ್ರಿ, ನಮ್ಮೂರು ಅದೇ."

ನಮ್ಮ ಕಡೆ ಮದುವೆಯಾಗಿ ಮೂವತ್ತು ವರ್ಷವಾದರೂ ಹೆಣ್ಣುಮಕ್ಕಳು ನಮ್ಮೂರು ಅನ್ನುವುದು ತವರಿಗೇ. ಗಂಡನ ಊರಿಗೆ ಬರೀ 'ಇಲ್ಲಿ' ಅನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದ ನನ್ನ ಕಿವಿಗೂ ಅದು ತಪ್ಪೆನಿಸಲಿಲ್ಲ, ಅಂಕಪಟ್ಟಿಗಳ ಗಡಿಬಿಡಿಯಲ್ಲಿ ಮಾಸ್ತರರು ಹೇಳಿದ ದಾರಿಯೂ ನೆನಪಾಗಲಿಲ್ಲ. ಗಡಿಯ ಆಚೆಯಿಂದ ಬಂದು ಇತ್ತ ನೆಲೆಸಿದ ಮನೆತನಗಳು ಆಳಂದದ ಸುತ್ತ ಬೇಕಾದಷ್ಟಿದ್ದವು, ಹಾಗಾಗಿ ಮಾಸ್ತರರಿಗೂ ಸಂಶಯ ಬರಲಿಲ್ಲ. ಸೀಟಿಗೆ ತೊಂದರೆಯೆಂದು ಗೊತ್ತಿದ್ದರೂ, ಎರಡು ಸಲ ಕೇಳಿದ್ದಾಗಿತ್ತು, ಹೇಳಿದ್ದನ್ನೇ ಬಡಿದರು. ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವನು, ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಸಂಜೆ ತೋರಿಸಿದ ಕಡೆ ಉರ್ದುವಿನಲ್ಲಿ ದಸ್ಕತ್ ಹಾಕಿದ. ನಾನು ಪೋಸ್ಟಿಗೆ ಹಾಕುವ ಮುಂಚೆ ನನ್ನ ಹೆಸರಿನ ಸ್ಪೆಲ್ಲಿಂಗು ಒಂದನ್ನೇ ನೋಡಿದೆ.

ಉತ್ತರ ಬಂದಾಗ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅರ್ಜಿಯಲ್ಲಿ ಕಾಣಿಸಿದ ಮೂಲ ಊರು ಮಹಾರಾಷ್ಟ್ರದ್ದು, ಆದ್ದರಿಂದ ಹೊರರಾಜ್ಯದ ಅಭ್ಯರ್ಥಿಯೆಂದು ಪರಿಗಣಿಸಲಾಗಿದೆ, ಆ ಪಟ್ಟಿಯಲ್ಲಿ ಆಯ್ಕೆಯಾಗಿಲ್ಲ. ಮೂರೇ ಸಾಲು. ಅಪ್ಪನಿಗೆ ಕನ್ನಡದಲ್ಲಿ ಹೇಳಿ, ಮತ್ತೆ ಕೂತು ಉಳಿದ ಜೋಳ ಹಸನು ಮಾಡಿದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಮದ್ದು ಹಾಕುತ್ತಾರಲ್ಲ, ಹಾಗೆ ಮೈಯೆಲ್ಲ ಆಗಿತ್ತು.

ಅಪ್ಪನ ಸಿಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವ್ವನನ್ನು ಎರಡು ಸಲ ತವರಿಗೆ ಅಟ್ಟಿದವನು ಅವನು. ಒಂದು ಸಲವಂತೂ ಅವಳು ಆರು ತಿಂಗಳು ತಿರುಗಿ ಬರಲಿಲ್ಲ. ಮರುದಿನ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಆಳಂದಕ್ಕೆ ಹೋದ. ಬೇವಿನ ಮರದ ಕೆಳಗೆ ಕಾಗದವನ್ನು ಮಶೀನಿನ ಮೇಲೆ ಎಸೆದು, ಮಾಸ್ತರರನ್ನು ಬಿಟ್ಟು ಅವ್ವನ ಕಡೆ ತಿರುಗಿದ. ಅವತ್ತು ನೀನು ಏನು ಹೇಳಿದ್ದೆ, ಇವರ ಮುಂದೆಯೇ ಹೇಳು ಅಂದ. ಸುತ್ತ ಹತ್ತಿಪ್ಪತ್ತು ಜನ ಇದ್ದರು. ಅವ್ವನ ಮುಖದಲ್ಲಿ ರಕ್ತವಿರಲಿಲ್ಲ.

ಮಾಸ್ತರರು ಕಾಗದ ಓದಿದರು. ಅವ್ವನನ್ನು ನೋಡಿದರು. ಆಮೇಲೆ ಎದ್ದು ನಿಂತು ಕೈ ಮುಗಿದರು.

"ತಪ್ಪು ನಂದೇ ಅದ್ರಿ, ಗೌಡ್ರ. ಅಕ್ಕಾರು ಇದು ತವರು, ಇದು ನಮ್ಮ ಮನಿ ಅಂತ ಬಿಡಿಸಿ ಹೇಳಿದ್ರು. ನಾನೇ ಅದಲು ಬದಲು ಬಡದೀನಿ."

ಅಪ್ಪ ಬಾಯಿಗೆ ಬಂದಂತೆ ಬೈದ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೆ ಎಲ್ಲ ಗೊತ್ತಿತ್ತು. ಸುಮ್ಮನೆ ನಿಂತಿದ್ದೆ.

ತಿದ್ದುಪಡಿ ಮಾಡಿಸುತ್ತೇನೆಂದು ಅವರು ತಾವಾಗಿಯೇ ಬೆಂಗಳೂರಿಗೂ ಹೋಗಿಬಂದರು. ಪಟ್ಟಿ ಮುಗಿದಿತ್ತು. ಮುಂದಿನ ವರ್ಷ ಹೊಸ ಅರ್ಜಿ ಹಿಡಿದು ಮನೆಗೇ ಬಂದು, ಇನ್ನೊಮ್ಮೆ ಹಾಕೋಣವೇ ಎಂದು ಕೇಳಿದರು. ಡಾಕ್ಟರ್ ಬಾಯಿ ಅನ್ನಲಿಲ್ಲ. ಅಷ್ಟರಲ್ಲಿ ನಾನು ಗುಲ್ಬರ್ಗದಲ್ಲಿ ಬಿಎಸ್ಸಿಗೆ ಸೇರಿದ್ದೆ. ಬ್ಯಾಡ್ರಿ ಅಂದೆ. ಯಾಕೆ ಹಾಗಂದೆ ಎಂದು ಈಗಲೂ ತಿಳಿಯದು. ಬೇಕು ಅನ್ನುವುದೇ ಸತ್ತುಹೋಗಿತ್ತು, ಅಷ್ಟೇ.

ಅಪ್ಪ ಬಜಾರದಲ್ಲೆಲ್ಲ ಹೇಳಿದ್ದ. ಊರ ಬಾಯಿಗೆ ಮುಚ್ಚಳವೆಲ್ಲಿ? ಮಾಸ್ತರರ ಹತ್ತಿರ ಹೋದರೆ ಊರೇ ಬದಲಾಗುತ್ತದೆ ಎಂಬ ನಗೆಮಾತು ಹುಟ್ಟಿಕೊಂಡಿತು. ಕಾಲೇಜಿನ ಅರ್ಜಿಗಳು ಮೂಲೆಯ ಇನ್ನೊಬ್ಬರ ಮಶೀನಿಗೆ ಹೋದವು. ಮಾಸ್ತರರಿಗೆ ಪಹಣಿಯ ಕಾಗದಗಳಷ್ಟೇ ಉಳಿದವು. ರಜೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ಎಷ್ಟೋ ಸಲ ಅವರು ಸುಮ್ಮನೆ ಕೂತದ್ದನ್ನು ನೋಡಿದ್ದೇನೆ. ನನ್ನನ್ನು ಕಂಡರೆ ಅರಾಮ ಅದೀಯೇನು ತಂಗಿ ಎಂದು ಅವರೇ ಮೊದಲು ಮಾತಾಡಿಸುತ್ತಿದ್ದರು. ಅರಾಮ ಇದ್ದೇನೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಇಜೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಅಂದರೆ ಬಾಯಿ ಬಿಡಲು ನನಗೆ ನಾಲ್ಕು ವರ್ಷದಿಂದ ಯಾವ ಹೆದರಿಕೆಯೂ ಇರಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ. ನಾನು ಯಾರೆಂದು ತಿಳಿದ ಕೂಡಲೇ ಅವರ ಹೆಂಡತಿ ನನ್ನ ಕೈ ಹಿಡಿದು, ಅವರ ಪರವಾಗಿ ಕ್ಷಮೆ ಕೇಳಿದರು. ಒಂದು ಹುಡುಗಿಯ ಬಾಳು ಕೆಡಿಸಿದೆ ಎಂದು ಕೊನೆತನಕ ಹೇಳುತ್ತಿದ್ದರಂತೆ. ಮನೆಯ ಒಳಗೂ, ಹೆಂಡತಿಯ ಮುಂದೂ, ಅವರು ನಿಜ ಹೇಳಿರಲಿಲ್ಲ.

ಅಲ್ಲಿ ನನ್ನ ಬಾಯಿ ಬಿಟ್ಟಿತು. ನಡೆದದ್ದನ್ನೆಲ್ಲ ಹೇಳಿದೆ. ಆ ತಾಯಿ ನನ್ನ ಕೈ ಬಿಟ್ಟು ಕೇಳಿದರು.

"ಹಂಗಾದ್ರ, ತಂಗಿ, ಈ ಮಾತು ಕಚೇರಿ ಮುಂದ ನಾಕು ಮಂದಿಗೆ ಹೇಳ್ತೀಯೇನು?"

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಅವ್ವ ಇನ್ನೂ ಇದ್ದಳು, ಮಗಳ ಸೀಟು ಹೋದದ್ದು ತನ್ನಿಂದ ಎಂದು ಊರು ಆಡಿಕೊಳ್ಳುವುದನ್ನು ಅವಳು ಕೇಳಬಾರದು ಎಂದುಕೊಂಡೆ. ಈಗ ಅವ್ವ ಇಲ್ಲ, ಆ ತಾಯಿಯೂ ಇಲ್ಲ. ಕಚೇರಿಯ ಮುಂದೆ ಹೋಗಿ ನಿಂತರೆ ಮಾಸ್ತರರನ್ನು ಬಲ್ಲ ನಾಲ್ಕು ಜನ ಸಿಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳಿದವಳು ನಮ್ಮವ್ವ. ಕೇಳಿಯೂ ಸುಮ್ಮನಿದ್ದವಳು ನಾನು. ಮಾಸ್ತರರು ಸರಿಯಾಗಿಯೇ ಟೈಪ್ ಮಾಡಿದ್ದರು.