ಎರಡನೇ ಗುಂಪಿಗೂ ಕಾರ್ಡು ಕೊಟ್ಟವಳು ನಾನು

ವಸುಧಾ ಮೇಡಂ, ನಿಮ್ಮ ಪರೀಕ್ಷೆಯನ್ನು ಕೆಡಿಸಿದವಳು ನಾನು. ಹನ್ನೊಂದು ವರ್ಷದ ಹಿಂದೆ ನೀವು ನನ್ನ ಮುಖ ನೋಡಿ ಒಂದು ಮಾತು ಕೇಳಿದಿರಿ. ನಾನು ನಿಮ್ಮ ಮುಖ ನೋಡಿಯೇ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನೀವು ದಪ್ಪ ಪುಸ್ತಕ ಬರೆದು ಡಾಕ್ಟರ್ ಆದಿರಿ. ನಾನು ಗಂಟೆ ಹೊಡೆದುಕೊಂಡು, ಮಕ್ಕಳ ಕೈ ತೊಳೆಸಿಕೊಂಡು ಇದ್ದುಬಿಟ್ಟೆ.

ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ಬನಶಂಕರಿಯ ಆ ಶಾಲೆಯಲ್ಲಿ ಆಯಾ ಆಗಿದ್ದ ಗೌರಮ್ಮ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು. ಇದನ್ನು ಬರೆಯಲು ಐದು ದಿನ ಹಿಡಿದಿದೆ. ಅಕ್ಷರ ಮರೆತು ಅಲ್ಲ — ಕೋಪಕ್ಕೆ. ವಯಸ್ಸಾಯಿತು ಪಾಪ ಅಂದುಕೊಳ್ಳಬೇಡಿ.

ನೀವು ಸಂಶೋಧನೆಗೆ ಅಂತ ಬಂದ ವರ್ಷ ಮೂರನೇ ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಒಂದು ಸಾಲನ್ನು ತಡವರಿಸದೆ ಓದಲು ಬರುತ್ತಿರಲಿಲ್ಲ. ನೀವು ಹಳದಿ ಕಾರ್ಡು ಮಾಡಿಸಿಕೊಂಡು ಬಂದಿದ್ದಿರಿ. ಒಂದು ಕಡೆ ಪದ, ಹಿಂದೆ ಅದರ ಚಿತ್ರ. ಇಬ್ಬರು ಮಕ್ಕಳು ಎದುರುಬದುರು ಕೂರಬೇಕು; ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಓದಬೇಕು; ಓದಿದ್ದು ಸರಿಯೇ ಅಂತ ಹಿಡಿದವರು ಚಿತ್ರ ನೋಡಿ ಹೇಳಬೇಕು. ದಿನಾ ಅರ್ಧ ಗಂಟೆ, ಮೂರು ತಿಂಗಳು. ಆದರೆ ಇಪ್ಪತ್ತು ಮಕ್ಕಳಿಗೆ ಮಾತ್ರ. ಉಳಿದ ಇಪ್ಪತ್ತು ಮಕ್ಕಳಿಗೆ ಮಾಮೂಲಿ ಪಾಠ.

ಯಾರು ಯಾವ ಗುಂಪು ಅಂತ ತೀರ್ಮಾನಿಸಲು ನೀವು ಹೆಸರಿನ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿದಿರಿ. ನನಗೆ ತಡೆಯಲಾಗಲಿಲ್ಲ.

"ಇದೇನ್ ಮೇಡಂ, ಮಕ್ಕಳನ್ನ ಚೀಟಿ ಎತ್ತಿ ಹಂಚ್ತೀರಾ? ಬೊಂಬೆಗಳಾ ಅವು?"

"ನಾನೇ ಆರಿಸಿದ್ರೆ ಚುರುಕಾಗಿರೋರನ್ನೇ ಎತ್ಕೊಂಡ್‌ಬಿಡ್ತೀನಿ ಗೌರಮ್ಮ. ನಂಗೇ ಗೊತ್ತಾಗಲ್ಲ," ಅಂತ ನಕ್ಕಿರಿ.

ಟೀ ಲೋಟ ತೊಳೆಯುತ್ತಿದ್ದವಳನ್ನು ನಿಲ್ಲಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಿರಿ. ಆ ಶಾಲೆಯಲ್ಲಿ ನನಗೆ ಏನನ್ನಾದರೂ ಬಿಡಿಸಿ ಹೇಳಿದವರು ನೀವೊಬ್ಬರೇ. ಕಾರ್ಡಿನಿಂದ ಏನೂ ಉಪಯೋಗವಿಲ್ಲ ಅಂತಲೇ ಮೊದಲು ಇಟ್ಟುಕೊಳ್ಳಬೇಕು. ಕೊನೆಗೆ ಎರಡು ಗುಂಪನ್ನೂ ಓದಿಸಿ, ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸಬೇಕು. ಇವರಿಗೂ ಅವರಿಗೂ ಇರುವ ಅಂತರ ಬರೀ ಅದೃಷ್ಟದಿಂದ ಬರಬಹುದಾದಷ್ಟೇ ಇದ್ದರೆ, ಕಾರ್ಡು ಕೆಲಸ ಮಾಡಿತು ಅನ್ನುವ ಹಾಗಿಲ್ಲ. ಅದೃಷ್ಟದ ಲೆಕ್ಕ ಮೀರಿ ದೊಡ್ಡದಾದರೆ ಮಾತ್ರ ಅನ್ನಬಹುದು. ನನಗೆ ಅರ್ಥವಾಯಿತು ಮೇಡಂ. ಓದಿಲ್ಲದವಳು, ತಿಳಿಯದೆ ಮಾಡಿದಳು ಅಂತ ಎಲ್ಲೂ ಬರೆಯಬೇಡಿ. ಎರಡು ಪಾತ್ರೆಯಲ್ಲಿ ಸಾರು ಇಟ್ಟು, ಒಂದಕ್ಕೆ ಮಾತ್ರ ಹೊಸ ಪುಡಿ ಹಾಕಿ ರುಚಿ ನೋಡುವುದು — ಅಷ್ಟೇ ತಾನೆ? ಇನ್ನೊಂದು ಪಾತ್ರೆಗೂ ಯಾರೋ ಕದ್ದು ಅದೇ ಪುಡಿ ಹಾಕಿದರೆ —

ನಾನು ಹಾಕಿದೆ.

ಭೂಮಿಕಾ, ನನ್ನ ಮಗಳ ಮಗಳು, ಅದೇ ಕ್ಲಾಸಿನಲ್ಲಿದ್ದಳು. ಅವಳ ಚೀಟಿ ಎರಡನೇ ಗುಂಪಿಗೆ ಬಿತ್ತು. ಉಪಯೋಗವಾದರೆ ಮುಂದಿನ ವರ್ಷ ಎಲ್ಲರಿಗೂ ಕೊಡುತ್ತೇವೆ ಅಂದಿರಿ. ನನ್ನನ್ನು ಪರ್ಮನೆಂಟ್ ಮಾಡುವುದೂ ಮುಂದಿನ ವರ್ಷವೇ ಆಗಿತ್ತು, ಹದಿನಾಲ್ಕು ವರ್ಷದಿಂದ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಚೀಟಿಯಲ್ಲಿ ಹೆಸರು ಬರಲಿಲ್ಲ ಅಂತ ನನ್ನ ಮೊಮ್ಮಗಳು ದಡ್ಡಿಯಾಗಿ ಉಳಿಯಬೇಕೇ?

ಕಾರ್ಡು ಇಡುವ ಬೀರುವಿನ ಕೀ ನನ್ನ ಸೊಂಟದಲ್ಲಿತ್ತು. ಮಧ್ಯಾಹ್ನ ಊಟವಾದ ಮೇಲೆ ಟೀಚರುಗಳು ಸ್ಟಾಫ್ ರೂಮಿಗೆ ಹೋದಾಗ, ಅಕ್ಕಿ ಮೂಟೆ ಇಡುವ ಕೋಣೆಗೆ ಭೂಮಿಕಾಳನ್ನು ಕರೆದುಕೊಂಡು ಹೋದೆ. ಆದರೆ ಆ ಆಟಕ್ಕೆ ಇಬ್ಬರು ಬೇಕು. ಅವಳ ಪಕ್ಕ ಕೂರುವ ಹುಡುಗಿಯನ್ನು ಕರೆದೆ. ಆ ಹುಡುಗಿ ಗುಟ್ಟಾಗಿ ಇನ್ನೊಬ್ಬಳಿಗೆ ಹೇಳಿದಳು. ತಿಂಗಳು ಕಳೆಯುವಷ್ಟರಲ್ಲಿ ಮೂಟೆಗಳ ಮೇಲೆ ಹದಿನೇಳು ಮಕ್ಕಳು. ಉಳಿದ ಮೂವರು ಊಟಕ್ಕೆ ಮನೆಗೆ ಹೋಗುತ್ತಿದ್ದರು, ಅದಕ್ಕೇ ಬರಲಿಲ್ಲ. ಬಡಮಕ್ಕಳ ಮೇಲಿನ ಮರುಕ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಭೂಮಿಕಾ ಮೊದಲ ಗುಂಪಿಗೆ ಬಿದ್ದಿದ್ದರೆ ಆ ಕೋಣೆಯ ಬಾಗಿಲು ತೆಗೆಯುತ್ತಲೇ ಇರಲಿಲ್ಲ.

"ಯಾರಿಗಾದ್ರೂ ಬಾಯಿ ಬಿಟ್ರೋ, ನಾಳೆಯಿಂದ ಕಾರ್ಡೂ ಇಲ್ಲ ಏನೂ ಇಲ್ಲ," ಅಂತ ಆ ಮಕ್ಕಳನ್ನು ಹೆದರಿಸಿದೆ. ಎಂಟು ವರ್ಷದ ಮಕ್ಕಳು. ಮೂರು ತಿಂಗಳು ಒಬ್ಬರೂ ಬಾಯಿ ಬಿಡಲಿಲ್ಲ.

ಕೊನೆಯ ಪರೀಕ್ಷೆ ಮುಗಿದು ಕೆಲವು ವಾರವಾದ ಮೇಲೆ ನೀವು ಬಂದಿರಿ. ಮುಖ ಸಪ್ಪಗಾಗಿತ್ತು. ಕಾರಿಡಾರಿನಲ್ಲಿ ನನ್ನ ಹತ್ತಿರ ನಿಂತು ಹೇಳಿದಿರಿ, "ಎರಡು ಗುಂಪೂ ಸಮಸಮ ಮೇಲೆ ಹೋಗಿವೆ ಗೌರಮ್ಮ. ಅಂತರವೇ ಇಲ್ಲ. ಅಂದ್ರೆ ಕ್ಲಾಸ್ ಪಾಠದಿಂದ್ಲೇ ಕಲ್ತಿರ್ಬೇಕು." ಆಮೇಲೆ ಕೇಳಿದಿರಿ — "ಆ ಮಕ್ಕಳಿಗೆ ಯಾರಾದ್ರೂ ಕಾರ್ಡ್ ಕೊಟ್ಟಿದ್ರಾ? ನಿಜ ಹೇಳಿ. ಯಾರ ಮೇಲೂ ಕಂಪ್ಲೇಂಟ್ ಮಾಡಲ್ಲ ನಾನು."

"ಅಯ್ಯೋ, ಇಲ್ಲಮ್ಮ. ಕೀ ನನ್ ಸೊಂಟದಲ್ಲೇ ಇತ್ತಲ್ಲ."

ನೀವು ತಲೆ ಆಡಿಸಿ ಹೋದಿರಿ. ಅದೊಂದು ಕ್ಷಣದಲ್ಲಿ — ಕೆಲಸ ಹೋದರೆ ಅಂತ ಭಯವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಒಳಗೊಳಗೆ ಒಂದು ಕೊಬ್ಬು ಇತ್ತು. ಇಷ್ಟು ಓದಿದವರಿಗೆ ಗೊತ್ತಾಗದ್ದು ನನಗೆ ಗೊತ್ತಿದೆ ಅನ್ನುವ ಕೊಬ್ಬು. ಕಾರ್ಡು ಚೆನ್ನಾಗಿ ಕೆಲಸ ಮಾಡಿತು, ಟೀಚರೇ ಇಲ್ಲದೆ ಅಕ್ಕಿ ಮೂಟೆಯ ಮೇಲೂ ಕೆಲಸ ಮಾಡಿತು ಅಂತ ಗೊತ್ತಿದ್ದವಳು ಊರಿಗೆಲ್ಲ ನಾನೊಬ್ಬಳೇ.

ಕಾರ್ಡು ಗೆದ್ದರೆ ಪ್ರತಿ ವರ್ಷ ಮೂರನೇ ಕ್ಲಾಸಿಗೆ ಒಂದು ಪೀರಿಯಡ್ ಬಿಡುತ್ತೇವೆ ಅಂತ ಶಾಲೆಯವರು ಒಪ್ಪಿದ್ದರು. ಗೆಲ್ಲಲಿಲ್ಲವಲ್ಲ. "ನಾನ್ ಆವತ್ತೇ ಹೇಳ್ಲಿಲ್ವಾ, ಇದೆಲ್ಲಾ ಆಟ ಅಂತ," ಅಂದರು ಹೆಡ್‌ಮಿಸ್ಸು. ಹಳದಿ ಕಾರ್ಡುಗಳನ್ನು ಹಳೇ ಪೇಪರಿನವನಿಗೆ ಹಾಕಲು ಕಟ್ಟು ಕಟ್ಟಿದ್ದು ಈ ಕೈಗಳೇ. ಆಗಲೂ ಬಾಯಿ ಬಿಡಲಿಲ್ಲ. ಮರುವರ್ಷ ಮೂರನೇ ಕ್ಲಾಸಿಗೆ ಬಂದ ಮಕ್ಕಳಿಗೆ ಏನೂ ಸಿಗಲಿಲ್ಲ. ಅದರ ಮುಂದಿನ ವರ್ಷದವರಿಗೂ ಇಲ್ಲ. ಅವರಲ್ಲಿ ಒಬ್ಬಳು ಶ್ರೀನಗರದಲ್ಲಿ ನಮ್ಮ ಪಕ್ಕದ ಮನೆಯ ರಮ್ಯ. ಹೋದ ತಿಂಗಳು ಅಂಗಡಿ ಕೆಲಸದ ಅರ್ಜಿ ಹಿಡಿದುಕೊಂಡು ಬಂದು, "ಭೂಮಿ, ಇದೊಂಚೂರು ತುಂಬ್ಕೊಡೇ, ಕನ್ನಡಕ ಮರ್ತ್ ಬಂದೆ," ಅಂದಳು. ಹದಿನೆಂಟು ವರ್ಷದ ಹುಡುಗಿ. ಅವಳಿಗೆ ಕನ್ನಡಕವೇ ಇಲ್ಲ.

ಭೂಮಿಕಾ ಈಗ ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ. ಅದೇ ವಾರ ಜಯನಗರದ ಅವಳ ಕಾಲೇಜಿಗೆ ನೀವು ಪಾಠ ಹೇಳಲು ಹೋಗಿದ್ದಿರಿ. ಪದದ ಕಾರ್ಡಿನಿಂದ ಹೆಚ್ಚೇನೂ ಆಗುವುದಿಲ್ಲ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ ಅಂದಿರಂತೆ. ಎಪ್ಪತ್ತು ಜನ ಬರೆದುಕೊಂಡರಂತೆ. ನಾಳೆ ಟೀಚರುಗಳಾಗುವ ಎಪ್ಪತ್ತು ಜನ.

ಮನೆಗೆ ಬಂದವಳು ಬ್ಯಾಗನ್ನೂ ಇಳಿಸಲಿಲ್ಲ. "ಕೈ ಎತ್ತಿ ಹೇಳ್ಬೇಕಿತ್ತು ಅಜ್ಜಿ. ಓದೋಕೆ ಬಂದಿದ್ದೇ ಆ ಕಾರ್ಡಿಂದ ಅಂತ. ನಿನ್ನ ನೆನೆಸ್ಕೊಂಡು ಬಾಯಿ ಮುಚ್ಕೊಂಡ್ ಕೂತೆ."

"ಒಳ್ಳೇದೇ ಮಾಡ್ದೆ," ಅಂದೆ.

"ಒಳ್ಳೇದಾ? ನಾನೂ ಬರ್ಕೊಂಡೆ ಅಜ್ಜಿ. ಉಪಯೋಗ ಇಲ್ಲ ಅಂತ. ನನ್ ಕೈಯಲ್ಲೇ."

ಅವಳು ನನ್ನ ಮೇಲೆ ಕೂಗಾಡಿದ್ದರೆ ತಿರುಗಿ ಬೈದು ಸುಮ್ಮನಾಗುತ್ತಿದ್ದೆ. ಅವಳು ಕೂಗಲಿಲ್ಲ.

ನಿಮ್ಮ ಮೇಲೂ ನನಗೆ ಕೋಪವಿದೆ ಮೇಡಂ. ಅಷ್ಟು ಲೆಕ್ಕ ಮಾಡುವವರು, ಒಬ್ಬ ಆಯಾ ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡುವುದೇ? ಒಂದು ಮಗುವನ್ನಾದರೂ ಪಕ್ಕಕ್ಕೆ ಕರೆದು — ನೋಡಿ, ತಪ್ಪನ್ನು ಮೆಲ್ಲಗೆ ನಿಮ್ಮ ಕಡೆ ತಳ್ಳುತ್ತಿದ್ದೇನೆ. ಬರೆದದ್ದನ್ನು ಅಳಿಸುವುದಿಲ್ಲ, ನಾನು ಎಂಥವಳು ಅಂತ ನಿಮಗೂ ಗೊತ್ತಾಗಲಿ. ನೀವು ನನ್ನನ್ನು ನಂಬಿದಿರಿ. ನಂಬಿದ್ದು ತಪ್ಪಲ್ಲ.

ಮಂಗಳವಾರ ನೀವು ಕೆಲಸ ಮಾಡುವ ಕಾಲೇಜಿಗೆ ಬರುತ್ತೇನೆ. ಭೂಮಿಕಾ ಜೊತೆಗೆ ಬರುತ್ತಾಳೆ, ಮಾತಾಡುವವಳು ನಾನು. ಕ್ಷಮಿಸಿ ಅಂತ ಕೇಳಲು ಬರುತ್ತಿಲ್ಲ. ನೀವು ಕ್ಷಮಿಸಿದರೆ ರಮ್ಯಳಿಗೆ ಓದಲು ಬರುತ್ತದೆಯೇ? ಆ ಪುಸ್ತಕವನ್ನು ತೆಗೆದಿಡಿ. ಕಾರ್ಡಿನಿಂದ ಉಪಯೋಗವಿಲ್ಲ ಅಂತ ಬರೆದ ಪುಟದಲ್ಲಿ, ಎರಡನೇ ಗುಂಪಿನ ಹದಿನೇಳು ಮಕ್ಕಳಿಗೂ ಕಾರ್ಡು ಸಿಕ್ಕಿತ್ತು, ಈ ಲೆಕ್ಕ ನಿಲ್ಲುವುದಿಲ್ಲ ಅಂತ ನನ್ನ ಎದುರಿಗೇ ಬರೆಯಿರಿ. ಕೆಳಗೆ ನಾನು ಸಹಿ ಹಾಕುತ್ತೇನೆ. ಆಮೇಲೆ ಭೂಮಿಕಾಳ ಕಾಲೇಜಿನ ಆ ಎಪ್ಪತ್ತು ಜನರ ಮುಂದೆ ನನ್ನನ್ನು ನಿಲ್ಲಿಸಿ. ನಾನೇ ಹೇಳುತ್ತೇನೆ.