ಕಿವಿಯೊಳಗಿನ ಹತ್ತಿ

ಒಂದೇ ವರ್ಷದಲ್ಲಿ ನಾನು ನನ್ನ ಡ್ರಮ್ ಸೆಟ್ಟಿನ ಹಿತ್ತಾಳೆ ತಟ್ಟೆಗಳನ್ನು, ಅಂದರೆ ಸಿಂಬಲ್‌ಗಳನ್ನು, ಎರಡು ಒಡೆದೆ. ಮೊದಲನೆಯದು ಅಂಚಿನಲ್ಲಿ ಬೆರಳುದ್ದ ಸೀಳಿತು. ಎರಡನೆಯದು ನಡುವಿನ ತೂತಿನಿಂದಲೇ ಬಿರುಕು ಬಿಟ್ಟು, ಹೊಡೆದಾಗಲೆಲ್ಲ ತಗಡಿನ ಡಬ್ಬಿಯ ಹಾಗೆ ಗರಗರ ಎನ್ನತೊಡಗಿತು. ಅದಕ್ಕೂ ಮೊದಲಿನ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಒಂದೂ ಒಡೆದಿರಲಿಲ್ಲ. ಈಗಿನ ಲೋಹವೇ ಕಳಪೆ, ಎಲ್ಲ ಕಲಬೆರಕೆ ಮಾಲು ಎಂದು ಸಿಕ್ಕವರ ಮುಂದೆಲ್ಲ ಬೈದೆ. ನನ್ನ ಹೊಡೆತವೇ ಮೊದಲಿಗಿಂತ ಜೋರಾಗಿದೆಯೇ ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ತಪ್ಪನ್ನು ವಸ್ತುಗಳ ಮೇಲೆ ಹಾಕುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದವನು.

ಒಡೆದ ಸಿಂಬಲ್‌ಗಳಲ್ಲಿ ಒಂದು ಈಗಲೂ ನಮ್ಮ ಮನೆಯ ಮಾಳಿಗೆಯ ಮೇಲಿದೆ. ಹೆಂಡತಿ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾಳೆ.

ನಮ್ಮದು ಐದು ಜನರ ಸಣ್ಣ ಬ್ಯಾಂಡು. ಮದುವೆ, ಸೀಮಂತ, ಶಾಲೆಯ ಸಮಾರಂಭ ಹೀಗೆ ಕರೆದಲ್ಲಿಗೆ ಹೋಗುತ್ತೇವೆ. ರಾಯಚೂರಿನಲ್ಲಿ ಹೆಚ್ಚು, ನಂತರ ದೇವದುರ್ಗ, ಮಾನ್ವಿ. ಉಳಿದ ದಿನಗಳಲ್ಲಿ ನಾನು ಹತ್ತಿ ಗಿರಣಿಯೊಂದರ ಗುಮಾಸ್ತ. ಕೀಬೋರ್ಡ್ ಬಾರಿಸುವವನಿಗೆ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇದೆ. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಮೂರು ಭಾಷೆ, ನಮ್ಮೊಡನೆ ನಮ್ಮದೇ ಕನ್ನಡ. ನಾನೂ ಅವನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಈ ಬ್ಯಾಂಡು ಕಟ್ಟಿದವರು. ನನಗಿಂತ ಎರಡು ವರ್ಷ ಚಿಕ್ಕವನಾದ್ದರಿಂದ ಅವನು ನನಗೆ ಅಣ್ಣಾ ಎನ್ನುತ್ತಾನೆ, ನಾನು ಅವನಿಗೆ ಭಾಯಿ ಎನ್ನುತ್ತೇನೆ. ಹಾಡುವವಳು ಕವಿತಾಳದ ಹತ್ತಿರದ ಶಾಲೆಯೊಂದರ ಟೀಚರು. ಅವಳು ಬಂದು ಆರು ವರ್ಷವಾಯಿತು. ಅವಳಿಗೂ ಉಳಿದಿಬ್ಬರಿಗೂ ನಾನು ಅಣ್ಣನೇ. ಅಣ್ಣ ಎಂದ ಮೇಲೆ ಎದುರು ಮಾತಿಲ್ಲ. ಈ ಗೌರವ ನನಗೆ ಬಹಳ ಹಿಡಿಸಿತ್ತು.

ಎರಡನೇ ಸಿಂಬಲ್ ಒಡೆದಾಗ ನಾನು ಹೈದರಾಬಾದಿಗೆ ಹೋಗಿ ಎಲೆಕ್ಟ್ರಾನಿಕ್ ಡ್ರಮ್ ತಂದೆ. ಡ್ರಮ್ಮಿನ ಜಾಗದಲ್ಲಿ ಬಿಗಿದ ಬಲೆ, ಸಿಂಬಲ್ಲಿನ ಜಾಗದಲ್ಲಿ ಕಪ್ಪು ರಬ್ಬರಿನ ತಟ್ಟೆ. ಹೊಡೆದರೆ ಟಪ್ ಎನ್ನುತ್ತದೆ, ಅಷ್ಟೆ. ನಿಜವಾದ ಸದ್ದು ಪಕ್ಕದ ಡಬ್ಬಿಯೊಳಗಿಂದ ಹುಟ್ಟಿ, ವೈರಿನಲ್ಲಿ ಹರಿದು, ಸ್ಪೀಕರಿನಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಸಾಲಾಗಿ ಗುಂಡಿಗಳಿವೆ. ದೊಡ್ಡ ಡ್ರಮ್ಮಿಗೊಂದು, ಸಣ್ಣದಕ್ಕೊಂದು, ಸಿಂಬಲ್‌ಗಳಿಗೊಂದು. ಯಾವುದನ್ನು ತಿರುಗಿಸಿದರೆ ಅದರ ಸದ್ದು ಮಾತ್ರ ಏರುತ್ತದೆ, ಇಳಿಯುತ್ತದೆ. ಹಿತ್ತಾಳೆಯ ಸಿಂಬಲ್ಲಿಗೆ ಗುಂಡಿ ಇರಲಿಲ್ಲ. ಅದರ ಜೋರು ಎಷ್ಟೆಂಬುದು ಬಾರಿಸುವವನ ಮಣಿಕಟ್ಟಿಗೆ ಬಿಟ್ಟದ್ದಾಗಿತ್ತು.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಹೆಂಡತಿಗೆ ಕೇಳಿಸುತ್ತಿದ್ದುದು ಟಪಟಪ ಮಾತ್ರ.

"ರೊಟ್ಟಿ ಬಡಿದಂಗ ಕೇಳಸ್ತದ ನೋಡ್ರಿ," ಎಂದಳು ಅವಳು. "ಇಷ್ಟು ವರ್ಷಕ್ಕ ನಮ್ಮ ಮನಿಗೆ ಶಾಂತಿ ಬಂತು."

ಮೊದಲ ದಿನವೇ ನನಗೆ ಅನಿಸಿದ್ದು, ಈ ಯಂತ್ರದ ಡ್ರಮ್ಮು ಭರ್ಜರಿ, ಸಿಂಬಲ್ಲು ಪೇಲವ ಎಂದು. ಗುಂಡಿಯನ್ನು ಅರ್ಧಕ್ಕೆ ಏರಿಸಿದೆ. ಸಾಲಲಿಲ್ಲ. ಮುಕ್ಕಾಲಿಗೆ ಏರಿಸಿದೆ. ಆಗ ಎಲ್ಲೋ ದೂರದಲ್ಲಿ ಚಿಲ್ಲರೆ ಚೆಲ್ಲಿದಂತೆ ಕೇಳಿಸಿತು. ಸರಿ, ಇದರ ಅಳತೆ ಇಷ್ಟು ಎಂದು ಅಲ್ಲಿಗೇ ಬಿಟ್ಟೆ. ಕಂಪನಿಯವರು ಡ್ರಮ್ಮಿಗೆ ಕೈಬಿಚ್ಚಿ ಖರ್ಚು ಮಾಡಿ ಸಿಂಬಲ್ಲಿಗೆ ಕೈ ಬಿಗಿ ಹಿಡಿದಿದ್ದಾರೆ ಎಂದು ಭಾಯಿಯ ಹತ್ತಿರ ಹೇಳಿದೆ. ಅವನು ಏನೋ ಹೇಳಲು ಬಾಯಿ ತೆರೆದು, "ಇರಬೌದು ಅಣ್ಣಾ," ಎಂದು ಮುಚ್ಚಿಕೊಂಡ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹೆಂಡತಿ ಮಾಳಿಗೆಯಿಂದ ಇಳಿದು ಬಂದು ಕೇಳಿದಳು: "ಕುಕ್ಕರ್ ಎಷ್ಟು ಸೀಟಿ ಹೊಡೀತ್ರೀ?"

ನಾನು ನಡುಮನೆಯಲ್ಲಿ ಪೇಪರು ಓದುತ್ತಿದ್ದೆ. ಒಂದೂ ಹೊಡೆದಿಲ್ಲ ಎಂದೆ. ಅನ್ನ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಕುಕ್ಕರಿನ ರಬ್ಬರು ಹೋಗಿದೆ ಎಂದು ನಾನೇ ಮಾರ್ಕೆಟ್ಟಿಗೆ ಹೋಗಿ ಹೊಸ ರಬ್ಬರು ತಂದು ಹಾಕಿದೆ. ಹೆಂಡತಿ ನನ್ನನ್ನು ಒಂದು ಗಳಿಗೆ ನೋಡಿ ಸೀದ ಪಾತ್ರೆ ತಿಕ್ಕಲು ಹೋದಳು.

ಹೊಸ ಡ್ರಮ್ ಹೊತ್ತು ದೇವದುರ್ಗಕ್ಕೆ ಹೋದದ್ದು ಒಂದು ಮದುವೆಗೆ. ಮಟಮಟ ಮಧ್ಯಾಹ್ನ, ಕಲ್ಯಾಣ ಮಂಟಪದ ತುಂಬ ಜನ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯೊಬ್ಬಳು ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಪಕ್ಕದವಳಿಗೆ ಏನೋ ಹೇಳಿದಳು. ಹೊಸ ಯಂತ್ರ ನೋಡಿ ಮುದುಕಿ ಬೆರಗಾಗಿದ್ದಾಳೆ ಎಂದುಕೊಂಡು ನಾನು ಇನ್ನೂ ಹುಮ್ಮಸ್ಸಿನಿಂದ ಬಾರಿಸಿದೆ. ಅವಳು ಹೇಳಿದ್ದೇನೆಂದು ಟೀಚರಿಂದ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. "ಏನ್ ಬಾರಸ್ತಾನವ್ವಾ ಇವ, ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತದ," ಎಂದಿದ್ದಳಂತೆ.

ಅಲ್ಲಿಂದ ಮುಂದೆ ಒಂದು ವಿಚಿತ್ರ ಶುರುವಾಯಿತು. ಚಹಾ ಕುಡಿದು ವೇದಿಕೆಗೆ ಮರಳಿದರೆ ಸಿಂಬಲ್ ಗುಂಡಿ ಇಳಿದಿರುತ್ತಿತ್ತು. ಗಾಡಿಯ ಕುಲುಕಾಟಕ್ಕೆ ಗುಂಡಿ ಸಡಿಲವಾಗಿದೆ ಎಂದುಕೊಂಡೆ. ಮಾನ್ವಿ ರಸ್ತೆಯ ತಗ್ಗುಗಳನ್ನು ಬೈದೆ. ಪ್ರತಿ ಸಲ ಮತ್ತೆ ಮುಕ್ಕಾಲಿಗೆ ಏರಿಸಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ. ಭಾಯಿ ಶುಕ್ರವಾರ ನಮಾಜು ಮುಗಿಸಿ ಬಂದರೆ ಕಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿಯ ಉಂಡೆ ಇರುತ್ತದೆ. ಅವರಪ್ಪನೂ ಹಾಗೇ ಇಟ್ಟುಕೊಳ್ಳುತ್ತಿದ್ದರು. ಶುಕ್ರವಾರದ ಕಾರ್ಯಕ್ರಮವೆಂದರೆ ಕೀಬೋರ್ಡಿನ ಸುತ್ತ ಮಲ್ಲಿಗೆಯ ಪರಿಮಳ. ಈಗ ಭಾನುವಾರವೂ ಸೋಮವಾರವೂ ಅವನ ಕಿವಿಯಲ್ಲಿ ಹತ್ತಿ ಕಾಣತೊಡಗಿತು. ವಯಸ್ಸಾದಂತೆ ಭಕ್ತಿ ಹೆಚ್ಚಾಗಿದೆ ಎಂದು ಮನಸ್ಸಿನಲ್ಲೇ ನಕ್ಕೆ.

ಮಾನ್ವಿಯ ಮದುವೆಯಲ್ಲಿ ಎಲ್ಲ ಬಯಲಾಯಿತು. ಎರಡನೇ ಪಂಕ್ತಿ ಎದ್ದ ಮೇಲೆ ನಾವು ಊಟಕ್ಕೆ ಕುಳಿತೆವು. ನನ್ನ ಎಡಕ್ಕೆ ಟೀಚರು, ಎದುರಿಗೆ ಭಾಯಿ. ಗೋದಿ ಹುಗ್ಗಿ ಬಡಿಸಿದ್ದರು. ಫ್ಯಾನಿನ ಗಾಳಿಗೆ ಟೀಚರ ಕೂದಲು ಹಾರಿತು. ಕಿವಿಯ ತೂತಿನಲ್ಲಿ ಬೆಳ್ಳಗೆ ಹತ್ತಿ ಕಂಡಿತು.

"ಏನ್ ಟೀಚರ್, ಭಾಯಿ ನಿಮಗೂ ಅತ್ತರ್ ಚಟ ಹಚ್ಯಾನೇನು?" ಎಂದು ತಮಾಷೆ ಮಾಡಿದೆ.

ಅವಳು ನಗಲಿಲ್ಲ. ಎತ್ತಿದ ತುತ್ತನ್ನು ಎಲೆಗೆ ಇಳಿಸಿ ಭಾಯಿಯ ಮುಖ ನೋಡಿದಳು. ಅವನು ತನ್ನ ಎಲೆಯಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದ. ಅವನ ಕಿವಿಯಲ್ಲೂ ಹತ್ತಿ ಇತ್ತು. ಮಡಿಕೆಯಲ್ಲಲ್ಲ, ಒಳಗೆ, ಗಟ್ಟಿಯಾಗಿ ತುರುಕಿದ್ದು.

"ಅದನ್ನ ತೆಗಿ ಭಾಯಿ. ಇಲ್ಲಿ ಕೊಡು," ಎಂದೆ.

ಅವನು ಎಡಗೈಯಿಂದ ತೆಗೆದುಕೊಟ್ಟ. ಮೂಸಿದೆ. ಮಲ್ಲಿಗೆಯಿಲ್ಲ, ಗುಲಾಬಿಯಿಲ್ಲ. ನಾನು ದಿನವೂ ಗಿರಣಿಯಲ್ಲಿ ಮೂಸುವ ಬರೀ ಹತ್ತಿಯ ವಾಸನೆ.

"ಎಷ್ಟು ದಿನ ಆತು?"

"ನಿನ್ನ ಹೊಸ ಡ್ರಮ್ ಬಂದಾಗಿಂದ, ಅಣ್ಣಾ."

ಅಂದರೆ ಎಂಟು ತಿಂಗಳು. ಎಂಟು ತಿಂಗಳು ನನ್ನ ಬ್ಯಾಂಡಿನವರು ಕಿವಿಗೆ ಹತ್ತಿ ತುಂಬಿಕೊಂಡು ನನ್ನ ಪಕ್ಕದಲ್ಲಿ ನಿಂತು ಹಾಡಿದ್ದರು. ಗುಂಡಿ ಇಳಿಸುತ್ತಿದ್ದುದು ಮಾನ್ವಿ ರಸ್ತೆಯಲ್ಲ, ಭಾಯಿಯ ಕೈ.

"ಹೇಳಾಕ ಏನಾಗಿತ್ತು ನಿಮಗ?" ಎಂದು ದನಿ ಏರಿಸಿದೆ. ಪಕ್ಕದ ಪಂಕ್ತಿಯವರು ತಿರುಗಿ ನೋಡಿದರು.

"ನಿಮಗ ಹ್ಯಾಂಗ್ ಹೇಳಾದ್ರೀ ಅಣ್ಣಾರ?" ಎಂದಳು ಟೀಚರು ಮೆಲ್ಲಗೆ. "ನಿಮ್ಮ ಕಿವಿ ಮ್ಯಾಲ ನಾವು ಬಾಯಿ ಹಾಕಾದೇನ್ರೀ? ನಾವು ತಾಳ ತಪ್ಪಿದ್ರ ತಿದ್ದಾಂವ್ರು ನೀವು."

ನಾನು ನಂಬಲಿಲ್ಲ. ನನ್ನ ಕಿವಿ ನೆಟ್ಟಗಿದೆ, ನೀವೇ ಸೂಕ್ಷ್ಮದವರಾಗಿದ್ದೀರಿ ಎಂದು ವಾದಿಸಿದೆ. ಕೈ ತೊಳೆದು ಸೀದಾ ವೇದಿಕೆಗೆ ನಡೆದೆ. ಮಂಟಪ ಖಾಲಿಯಾಗಿತ್ತು, ಕುರ್ಚಿ ಎತ್ತುವವರೂ ಊಟಕ್ಕೆ ಹೋಗಿದ್ದರು. ಎಷ್ಟಿರಬೇಕೋ ಅಷ್ಟಕ್ಕೆ ನೀವೇ ಗುಂಡಿ ತಿರುಗಿಸಿ, ಸಿಂಬಲ್ ಬಾರಿಸಿ ಎಂದು ಟೀಚರಿಗೆ ಕೋಲು ಕೊಟ್ಟೆ. ನಾನು ಅವರಿಗೆ ಬೆನ್ನು ಮಾಡಿ ನಿಂತೆ. ಕಣ್ಣಿಗೆ ಕಂಡರೆ ಕಿವಿಗೆ ಕೇಳಿಸಿದಂತಾಗುತ್ತದೆ, ಆ ಮೋಸ ಬೇಡ ಎಂದು ನಾನೇ ಹಾಗೆ ನಿಂತದ್ದು.

ಟಪ್ ಎಂದಿತು. ರಬ್ಬರಿಗೆ ಕೋಲು ತಾಗಿದ ಸದ್ದು. ಮತ್ತೆ ಟಪ್. ಇನ್ನೊಂದು ಟಪ್.

"ಸ್ಪೀಕರ್ ಚಾಲೂ ಮಾಡ್ರಿ," ಎಂದೆ.

ತಿರುಗಿದೆ. ಸ್ಪೀಕರಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಟೀಚರ ಕಣ್ಣು ತುಂಬಿತ್ತು.

"ಚಾಲೂ ಅದ ರೀ ಅಣ್ಣಾರ," ಎಂದಳು. "ಮೂರ್ ಸಲ ಬಾರಿಸಿದ್ನಲ್ರೀ."

ನನಗೆ ಅಂಜಿಕೆಯಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಹೋಗುವುದಿಲ್ಲ. ಕೂಡಲೇ ನಾಚಿಕೆಯೂ ಆಯಿತು. ದೇವದುರ್ಗದ ಅಜ್ಜಿಯ ಸೆರಗು, ತಳ ಹಿಡಿದ ಅನ್ನ, ಒಡೆದ ಎರಡು ಸಿಂಬಲ್ ಎಲ್ಲವೂ ಒಂದರ ಹಿಂದೊಂದು ನೆನಪಿಗೆ ಬಂದವು. ಮನೆಗೆ ಹೋಗುವ ದಾರಿಯಲ್ಲಿ ಕಲ್ಲೂರು ದಾಟುವವರೆಗೆ ಭಾಯಿಯ ಹತ್ತಿ ನನ್ನ ಮುಷ್ಟಿಯಲ್ಲೇ ಇತ್ತು.

ರಾಯಚೂರಿನ ಕಿವಿ ಡಾಕ್ಟರು ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಕೈ ಎತ್ತಿ ಎಂದರು. ಮೊದಮೊದಲು ಎತ್ತಿದೆ, ಆಮೇಲೆ ಬಹಳ ಹೊತ್ತು ಕೈ ಎತ್ತುವ ಪ್ರಸಂಗವೇ ಬರಲಿಲ್ಲ. ನಂತರ ಅವರು ಒಂದು ಕಾಗದದ ಮೇಲೆ ಗೆರೆ ತೋರಿಸಿದರು. ಎಡದಲ್ಲಿ ಸಮನಾಗಿ ಹೋದ ಗೆರೆ ಬಲಕ್ಕೆ ಬರುತ್ತ ಬಾವಿಗೆ ಬಿದ್ದಂತೆ ಇಳಿದಿತ್ತು.

"ದಪ್ಪ ಸದ್ದು ಎಲ್ಲಾ ಕೇಳಸ್ತಾವ. ಸೀಟಿಯಂಥಾ ತೆಳು ಸದ್ದು ಹೋಗ್ಯಾವ್ರಿ," ಎಂದರು. "ಹೋದದ್ದು ತಿರುಗಿ ಬರಂಗಿಲ್ಲ. ಇರೋದನ್ನ ಕಾಪಾಡಿಕೊಳ್ರಿ."

ಏನು ಕೆಲಸ ಎಂದು ಕೇಳಿದರು. ಹಗಲು ಗಿರಣಿ, ಉಳಿದಂತೆ ಇಪ್ಪತ್ತೊಂಬತ್ತು ವರ್ಷ ಹಿತ್ತಾಳೆ ಸಿಂಬಲ್ಲಿನ ಕೆಳಗೆ ಕುಳಿತಿದ್ದೇನೆ ಎಂದೆ. ಅವರು ಮಾತು ಕೇಳಿಸಲಿ ಎಂದು ಒಂದು ಮಷೀನು ಕೊಟ್ಟರು. ಮನೆಯಲ್ಲಿ ಹಾಕಿಕೊಳ್ಳುತ್ತೇನೆ, ಕುಕ್ಕರು ಈಗ ಸರಿಯಾಗಿ ಸೀಟಿ ಹೊಡೆಯುತ್ತದೆ. ವೇದಿಕೆಯ ಗದ್ದಲದಲ್ಲಿ ಅದು ಹಾಕಿಕೊಂಡರೆ ತಲೆಯೊಳಗೆ ಸಂತೆ ನೆರೆದಂತಾಗುತ್ತದೆ.

ಮರುದಿನ ಭಾಯಿಯ ಅಂಗಡಿಗೆ ಹೋದೆ. ಅವನು ಗಿರಾಕಿಗೆ ಲಂಗದ ಬಟ್ಟೆ ಅಳೆಯುತ್ತಿದ್ದ. ಗಿರಾಕಿ ಹೋಗುವವರೆಗೆ ಕಾಯ್ದು ಹೇಳಿದೆ.

"ಬ್ಯಾರೆ ಡ್ರಮ್ಮರ್‌ನ ಹುಡುಕ್ರಿ ಭಾಯಿ. ನಂದು ಮುಗೀತು. ಕಿವುಡನ್ನ ಇಟಗೊಂಡು ಏನ್ ಮಾಡ್ತೀರಿ?"

ಅವನು ಗಜದ ಕೋಲನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದ. ನನ್ನ ಮೇಲೆ ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಿನ್ನ ಕುರ್ಚಿ ಯಾರ್ ಕೇಳ್ಯಾರ ಅಣ್ಣಾ? ಕೈ ಸರಿ ಅದ, ಲೆಕ್ಕ ಸರಿ ಅದ. ಆ ಗುಂಡಿ ಒಂದು ನಮಗ ಬಿಡು ಅಂದ್ರ, ಪೂರಾ ಬ್ಯಾಂಡೇ ಬಿಟ್ಟು ಹೊಂಟಿ. ಎಷ್ಟು ಸೊಕ್ಕು ನಿನಗ!"

ಸೊಕ್ಕು ಎಂದದ್ದು ನಾಟಿತು. ಸಿಂಬಲ್ಲಿನ ಅಳತೆಯನ್ನು ಇನ್ನೊಬ್ಬರ ಕಿವಿಗೆ ಒಪ್ಪಿಸುವುದಕ್ಕಿಂತ ಬಿಟ್ಟು ಹೋಗುವುದೇ ನನಗೆ ಸುಲಭವಾಗಿ ಕಂಡಿತ್ತು. ಅವನು ಚಹಾ ತರಿಸಿದ. ಕುಡಿದೆ. ಆಗಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಂದಿನ ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ಕೇಳಿ ಎದ್ದೆ.

ಅದು ಕವಿತಾಳದಲ್ಲಿ, ನಿವೃತ್ತರಾದ ಹೆಡ್‌ಮಾಸ್ತರೊಬ್ಬರ ಬೀಳ್ಕೊಡುಗೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಬಿಸಿಲು ಇನ್ನೂ ಇಳಿದಿರಲಿಲ್ಲ. ಟೀಚರು ಬಂದವಳೇ ಡಬ್ಬಿಯ ಮುಂದೆ ಕುಳಿತು, ಭಾಯಿಯ ಕೈಯಲ್ಲಿ ಸಿಂಬಲ್ ಹೊಡೆಸಿ, ಗುಂಡಿಯನ್ನು ಕಾಲು ಭಾಗಕ್ಕೆ ನಿಲ್ಲಿಸಿದಳು. ಅದರ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿದಳು. ನನ್ನ ಅನುಮತಿ ಕೇಳಲಿಲ್ಲ. ಅವಳ ಕಿವಿ ನೋಡಿದೆ, ಭಾಯಿಯ ಕಿವಿ ನೋಡಿದೆ. ಹತ್ತಿ ಇರಲಿಲ್ಲ.

ಬಾರಿಸುತ್ತಾ ಹೋದೆ. ದೊಡ್ಡ ಡ್ರಮ್ಮು ಎದೆಗೆ ಬರುತ್ತಿತ್ತು, ಸಣ್ಣದು ಕಿವಿಗೂ ಬರುತ್ತಿತ್ತು. ಸಿಂಬಲ್ಲಿನ ಜಾಗದಲ್ಲಿ ಮಾತ್ರ ಖಾಲಿ. ಪ್ರತಿ ಸಲ ಕೈ ಅಲ್ಲಿಗೆ ಹೋದಾಗ ಇನ್ನೂ ಜೋರಾಗಿ ಹೊಡೆ ಎಂದು ಒಳಗಿನಿಂದ ಒತ್ತಾಯ. ಅದನ್ನು ತಡೆದು, ಹಳೆಯ ಮಣಿಕಟ್ಟಿನ ಲೆಕ್ಕದಲ್ಲೇ ಹೊಡೆದೆ. ಹಾಡಿನ ಕೊನೆಗೆ ದೊಡ್ಡ ಸಿಂಬಲ್ ಒಂದೇ ಒಂದು ಸಲ ಮೊಳಗಬೇಕು. ಟೀಚರು ಅರ್ಧ ನನ್ನ ಕಡೆ ತಿರುಗಿ ನಿಂತಿದ್ದಳು. ಕೋಲು ರಬ್ಬರಿಗೆ ತಾಗಿದ ಕಂಪನ ಬೆರಳಿಗೆ ಬಂತು, ಕಿವಿಗೆ ಏನೂ ಬರಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಒಮ್ಮೆ ಕಣ್ಣು ಮಿಟುಕಿಸಿದಳು. ಸದ್ದಾಯಿತು ಎಂದು ನನಗೆ ಗೊತ್ತಾಯಿತು.