ಕೆಂಪು ಗೀಟಿನ ಹಲಗೆಗಳು

ನಾನು ಚಿಕ್ಕವನಿದ್ದಾಗಿನ ಒಂದು ಭಾನುವಾರ. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಕಾದೆ. ಸ್ಟೋವಿಗೆ ಪಿನ್ನು ಹಾಕಿದೆ. ಅವ್ವನಿಗೆ ಬೆಳ್ಳುಳ್ಳಿ ಬಿಡಿಸಿಕೊಟ್ಟೆ. ಆಮೇಲೆ ಅಕ್ಕನ ಪುಂಡಿ ಸೊಪ್ಪಿನ ಪೆಟ್ಟಿಗೆಯ ಮೇಲೆ ಎದುರು ಮನೆಯ ಕಾಕಾ ಉಗುಳಿದ್ದ ಎಲೆಯಡಿಕೆಯನ್ನು ತೊಳೆದೆ. ಅದು ನನ್ನ ದಿನದ ಕೆಲಸವೇ ಆಗಿತ್ತು.

ನಾವಿದ್ದ ತುರ್ಭೆಯ ಸಾಲುಮನೆಗಳ ಚಾಳಿನಲ್ಲಿ ನಮ್ಮ ಮತ್ತು ಕಾಕಾನ ಬಾಗಿಲುಗಳ ನಡುವೆ ಒಂದು ಮಂಚದಷ್ಟು ಜಾಗವಿತ್ತು. ಕಾಕಾನಿಗೆ ಅಲ್ಲಿ ಸೈಕಲ್ ನಿಲ್ಲಿಸುವ ಆಸೆ. ಅಪ್ಪ ಅಲ್ಲಿ ಅಕ್ಕನಿಗೆಂದು ತೋಟದ ಪೆಟ್ಟಿಗೆ ಮಾಡಿಬಿಟ್ಟಿದ್ದ. ಇಬ್ಬರೂ ವಿಜಾಪುರದ ಕಡೆಯಿಂದ ದುಡಿಯಲು ಬಂದವರು, ಒಂದೇ ಗೋದಾಮಿನಲ್ಲಿ ಹಮಾಲರು. ಆದರೂ ಮಾತಿರಲಿಲ್ಲ, ಬೈಗುಳವಷ್ಟೇ ಇತ್ತು.

ಗೋದಾಮಿನಲ್ಲಿ ಒಡೆದ ಖೋಕೆಗಳ, ಸರಕು ತುಂಬುವ ಮರದ ಪೆಟ್ಟಿಗೆಗಳ, ಹಲಗೆಗೆ ಮುಕಾದಮ, ಅಂದರೆ ಹಮಾಲರ ಮೇಲಿನವನು, ಎಣ್ಣೆ ಬಣ್ಣದಲ್ಲಿ ಕೆಂಪು ಅಡ್ಡಗೀಟು ಎಳೆಯುತ್ತಿದ್ದ. ಗೀಟು ಬಿದ್ದ ಹಲಗೆಯನ್ನು ಯಾರಾದರೂ ಒಲೆಗೆ ಒಯ್ಯಬಹುದು. ಗೀಟಿಲ್ಲದ್ದನ್ನು ಮುಟ್ಟಿದರೆ ಕಳವು. ಅಪ್ಪ ದಿನಕ್ಕೊಂದರಂತೆ ಹಲಗೆ ಹೊತ್ತು ತಂದ. ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿದ. ಗಟಾರದ ನೀರು ತಾಗದಂತೆ ಇಟ್ಟಿಗೆಯ ಮೇಲೆ ಪೆಟ್ಟಿಗೆ ಕೂರಿಸಿ, ಒಳಗೆ ಹರಿದ ಗೋಣಿ ಹಾಸಿದ. ಗುಡ್ಡದ ಕೆಂಪು ಮಣ್ಣು, ಎಮ್ಮೆ ಕಟ್ಟುವ ತಬೇಲಾದ ಸಗಣಿ ತುಂಬಿದ. ಮೊಳೆ ಹೊಡೆಯುವಾಗ ಅಕ್ಕ ಅಂದಿದ್ದಳು: "ಗೀಟು ಹೊರಗ ಕಂಡ್ರ ಕಸದ ಡಬ್ಬಿ ಅಂತಾರಪ್ಪಾ. ಒಳಗ ಮಾಡು." ಅಪ್ಪ ಹಾಗೆಯೇ ಮಾಡಿದ.

ಅಂದು ಕಾಕಾ ಮುಕಾದಮನನ್ನೇ ಕರೆತಂದ.

"ನೋಡ್ರಿ ಸಾಹೇಬ್ರ, ಒಂದ್ರ ಮ್ಯಾಲರ ಗೀಟು ಐತೇನು? ಮಾಲ್ ಹೊಡದು ತ್ವಾಟ ಮಾಡ್ಯಾನ, ದೊಡ್ಡ ಜಮೀನ್ದಾರ!"

"ನಿಶಾನ್ ದಿಖಾವ್," ಎಂದ ಮುಕಾದಮ. "ನಹೀ ತೋ ಕಲ್ ಸೇ ಮತ್ ಆನಾ." ಗುರುತು ತೋರಿಸು, ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬೇಡ.

"ಒಳಗ ಐತ್ರಿ," ಎಂದ ಅಪ್ಪ. ಆದರೆ ಅವನ ಕೈ ಏಳಲಿಲ್ಲ. ಸೊಪ್ಪು ಆಗ ಗೇಣುದ್ದ ಬಂದಿತ್ತು, ಕೆಂಪು ದಂಟು, ಎಳೆಯ ಎಲೆ. ಅಪ್ಪ ಅಕ್ಕನ ಮುಖ ನೋಡಿದ.

ಅಕ್ಕ ಸನಿಕೆ ತಂದು ತಾನೇ ಹಲಗೆಯ ಸಂದಿಗೆ ಹಾಕಿ ಮೀಟಿದಳು. ಮಣ್ಣು ದಬದಬನೆ ಸುರಿಯಿತು, ಗಿಡಗಳು ಬೇರು ಸಮೇತ ಗಟಾರದ ಅಂಚಿಗೆ ಬಿದ್ದವು. ಮೊದಲ ಹಲಗೆ ಸಗಣಿ ಹಿಡಿದು ಕಪ್ಪಾಗಿತ್ತು. ಏನೂ ಕಾಣಲಿಲ್ಲ.

"ಹೇಳಿದ್ನಿಲ್ಲ?" ಎಂದು ಕಾಕಾ ನಕ್ಕ.

ಅಕ್ಕ ಲಂಗದ ಅಂಚನ್ನು ಒದ್ದೆ ಮಾಡಿ ಉಜ್ಜತೊಡಗಿದಳು. ಉಜ್ಜಿ ಉಜ್ಜಿ ಬೆರಳ ಸಿಪ್ಪೆ ಎದ್ದಿತು. ಕೊನೆಗೆ ಕೆಂಪು ಬಂತು, ಗೀಟಿನ ಒಂದು ತುದಿ, ಆಮೇಲೆ ಇನ್ನೊಂದು. ಉಳಿದ ಹಲಗೆಗಳನ್ನೂ ಒಂದೊಂದಾಗಿ ಬಿಚ್ಚಿ ಮುಕಾದಮನ ಕಾಲ ಬಳಿ ಒಗೆದಳು. ಎಲ್ಲದರ ಮೇಲೂ ಗೀಟಿತ್ತು.

"ಠೀಕ್ ಹೈ," ಎಂದು ಮುಕಾದಮ ಹೊರಟುಹೋದ. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಕಾಕಾ ಮಾತ್ರ, "ಹೆಂಗೂ ಬಿಚ್ಚೀರಿ, ಜಾಗಾ ಖಾಲಿ ಮಾಡ್ರಿ" ಎಂದು ಸೈಕಲ್ ತಳ್ಳಿಕೊಂಡು ಬಂದ.

"ಮುಂದ ಬಂದಿ ಅಂದ್ರ ಗಾಲಿಗೇ ಮೊಳೀ ಹೊಡೀತೀನಿ," ಎಂದ ಅಪ್ಪ. ಅಪ್ಪನ ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಸಂಜೆಯೊಳಗೆ ಪೆಟ್ಟಿಗೆ ಮತ್ತೆ ನಿಂತಿತು, ಈ ಸಲ ಗೀಟು ಹೊರಗೆ. ಒಳಗೆ ಬರೀ ಮಣ್ಣು.

ಮಕ್ಕಳೇ, ಈಗ ನೀವು ನಮ್ಮ ಐರೋಲಿಯ ಮನೆಯ ಬಾಲ್ಕನಿಯಲ್ಲಿ ಹಳೆಯ ಕಪಾಟಿನ ಹಲಗೆಯಿಂದ ಟೊಮೆಟೊ ಪೆಟ್ಟಿಗೆ ಮಾಡಿದಿರಿ. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಹಲಗೆ ಎಲ್ಲಿಂದ ಬಂತು ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. ನಮ್ಮನ್ನು ಮೊದಲು ಕೇಳುತ್ತಿದ್ದುದೇ ಅದನ್ನು.

ಆ ರಾತ್ರಿ ಅವ್ವ ಬಿದ್ದ ಸೊಪ್ಪನ್ನೆಲ್ಲ ಆಯ್ದು, ತೊಳೆದು, ಜೋಳದ ನುಚ್ಚು ಹಾಕಿ ಪಲ್ಯ ಮಾಡಿದಳು. ಎಳೆಯದಾದ್ದರಿಂದ ಹುಳಿ ಇನ್ನೂ ಏರಿರಲಿಲ್ಲ. ನಾವು ಮೂವರು ರೊಟ್ಟಿಯೊಂದಿಗೆ ಉಂಡೆವು. ಎಲ್ಲರಿಗಿಂತ ಮೊದಲು ಮಲಗಿದವಳು ಅಕ್ಕ, ಉಣ್ಣದೆ, ಗೋಡೆಯ ಕಡೆ ಮುಖ ಮಾಡಿಕೊಂಡು.